ಅರ್ಥ ಗೊತ್ತು, ವಾಕ್ಯ ಬರದು: ಇಂಗ್ಲಿಷ್ ಪದ ಕಲಿಯಲು ಯಾವ ನಿಘಂಟು, ಯಾವ ಆ್ಯಪ್?

ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಪುಸ್ತಕದಂಗಡಿಗೆ ಹೋಗಿ "ಇಂಗ್ಲಿಷ್ ಪದ ಕಲಿಯೋಕೆ ಏನಾದ್ರೂ ಕೊಡಿ" ಎಂದರೆ ಮೂರು ಬಗೆಯ ಪುಸ್ತಕಗಳು ಎದುರಿಗೆ ಬರುತ್ತವೆ. ಒಂದು, ಕಿಸೆಗೆ ಹಿಡಿಸುವ ಇಂಗ್ಲಿಷ್–ಕನ್ನಡ ನಿಘಂಟು. ಇನ್ನೊಂದು, ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲೇ ಅಚ್ಚು ಹಾಕಿದ, ಇಂತಿಷ್ಟು ದಿನದಲ್ಲಿ ಮಾತಾಡಿಸುತ್ತೇವೆ ಎನ್ನುವ ಕೈಪಿಡಿ. ಮೂರನೆಯದು ದಪ್ಪನೆಯ ಇಂಗ್ಲಿಷ್–ಇಂಗ್ಲಿಷ್ ನಿಘಂಟು. ಹೆಚ್ಚಿನವರು ಅದರ ಬೆಲೆ ನೋಡಿ, ತೂಕ ನೋಡಿ, ವಾಪಸ್ ಇಡುತ್ತಾರೆ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ಸೈನ್ಸ್‌ಗೋ ಬಿ.ಕಾಂ.ಗೋ ಸೇರಿದವರಿಗೆ, ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವರಿಗೆ ನಿಜವಾಗಿ ಬೇಕಾದದ್ದು ಈ ಮೂರನೆಯದು. ಅದರಲ್ಲೂ ಅದರ ಒಂದು ಜಾತಿ ಮಾತ್ರ: ಲರ್ನರ್ಸ್ ಡಿಕ್ಷನರಿ, ಅಂದರೆ ಇಂಗ್ಲಿಷ್ ತಾಯ್ನುಡಿಯಲ್ಲದವರಿಗೆಂದೇ ಬರೆದ ನಿಘಂಟು.

ಇದಕ್ಕೆ ಕಾರಣ ಸರಳ. ನಮ್ಮ ವಿದ್ಯಾರ್ಥಿಗಳಿಗೆ ಪದದ ಅರ್ಥ ಗೊತ್ತಿಲ್ಲದ್ದಕ್ಕಿಂತ ಗೊತ್ತಿರುವ ಪದವನ್ನು ವಾಕ್ಯದಲ್ಲಿ ಕೂರಿಸಲು ಬಾರದಿರುವುದೇ ದೊಡ್ಡ ತೊಂದರೆ. 'ಡಿಸ್ಕಸ್' ಅಂದರೆ ಚರ್ಚಿಸು ಎಂದು ಎಲ್ಲರಿಗೂ ಗೊತ್ತು. ಬರೆಯುವಾಗ ಮಾತ್ರ 'ಡಿಸ್ಕಸ್ ಅಬೌಟ್' ಎಂದೇ ಬರುತ್ತದೆ, ಯಾಕೆಂದರೆ ಕನ್ನಡದಲ್ಲಿ ನಾವು ಒಂದು ವಿಷಯದ 'ಬಗ್ಗೆ' ಚರ್ಚಿಸುತ್ತೇವೆ. ಅರ್ಥ ಓದಿದರೆ ಪದ ಸಿಕ್ಕಾಗ ಗುರುತಿಸಬಹುದು. ಬಳಸುವುದನ್ನು ಕಲಿಸುವುದು ಅದರ ಕೆಳಗಿರುವ ಉದಾಹರಣೆ ವಾಕ್ಯ. ಆದ್ದರಿಂದ ಈ ವಿಮರ್ಶೆಯಲ್ಲಿ ಪ್ರತಿ ನಿಘಂಟನ್ನೂ ಅಳೆದಿರುವುದು ಎಷ್ಟು ಪದಗಳಿವೆ ಎಂಬ ಲೆಕ್ಕದಿಂದಲ್ಲ, ಅದರ ಉದಾಹರಣೆ ವಾಕ್ಯಗಳು ಎಷ್ಟು ಕೆಲಸ ಮಾಡುತ್ತವೆ ಎಂಬುದರಿಂದ.

ಅಂಗಡಿಯಲ್ಲೇ ನಿಂತು ಪರೀಕ್ಷೆ ಮಾಡಬೇಕೆಂದರೆ ಐದು ಪದ ಸಾಕು: ಡಿಸ್ಕಸ್, ಅಡ್ವೈಸ್, ಚೈಲ್ಡಿಶ್, ಯೀಲ್ಡ್, ರಿಲಕ್ಟೆಂಟ್. ಒಂದೊಂದೂ ನಿಘಂಟಿನ ಒಂದೊಂದು ಗುಣವನ್ನು ಹೊರಗೆಳೆಯುತ್ತದೆ.

ಮೊದಲು ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿ. ಇದು ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ, ಜಪಾನಿನಲ್ಲಿ. ಅಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ.ಎಸ್. ಹಾರ್ನ್‌ಬಿ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ತಯಾರಿಸಿದ ನಿಘಂಟು 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. ಆಕ್ಸ್‌ಫರ್ಡ್ ಅದನ್ನು ಬೇರೆ ಹೆಸರಿನಲ್ಲಿ 1948ರಲ್ಲಿ ಹೊರತಂದಿತು. ಈ ಇತಿಹಾಸ ಕನ್ನಡಿಗರಿಗೆ ಸುಮ್ಮನೆ ತಿಳಿದಿರಲಿ ಎಂದು ಹೇಳಿದ್ದಲ್ಲ. ಜಪಾನಿ ಭಾಷೆಯಲ್ಲೂ ಕನ್ನಡದ ಹಾಗೆ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ವಿಭಕ್ತಿಯ ಕೆಲಸ ಮಾಡುವ ತುಣುಕುಗಳು ನಾಮಪದದ ಕೊನೆಗೆ ಅಂಟಿಕೊಳ್ಳುತ್ತವೆ. ಅಂಥವರಿಗೆ ಇಂಗ್ಲಿಷಿನ ಕ್ರಿಯಾಪದವಾದ ಮೇಲೆ ಏನು ಬರಬೇಕು, ಯಾವ ಪ್ರಿಪೊಸಿಷನ್ ಹಿಡಿಯಬೇಕು ಎಂಬುದೇ ತಲೆನೋವು. ಹಾರ್ನ್‌ಬಿ ಹೆಚ್ಚು ಶ್ರಮ ಹಾಕಿದ್ದೂ ಅಲ್ಲೇ. ಆ ಒಲವು ಈಗಿನ ಆವೃತ್ತಿಯವರೆಗೂ ಉಳಿದಿದೆ, ಮತ್ತು ಅದು ನಮ್ಮ ಕಷ್ಟಕ್ಕೆ ಸರಿಯಾಗಿ ಹೊಂದುತ್ತದೆ.

ಹತ್ತನೆಯ ಆವೃತ್ತಿ 2020ರದು. ಇದರಲ್ಲಿ ಒಂದು ಪದವನ್ನು ಓದುವ ಕ್ರಮ ಇದೆ, ಆ ಕ್ರಮ ತಿಳಿಯದೆ ಕೊಂಡರೆ ಹಣ ದಂಡ. ತಲೆಪದದ ಪಕ್ಕದಲ್ಲಿ ಉಚ್ಚಾರಣೆ, ಆಮೇಲೆ ನಾಮಪದವೋ ಕ್ರಿಯಾಪದವೋ ಎಂಬ ಗುರುತು, ಪದ ಮುಖ್ಯ ಪದಗಳ ಪಟ್ಟಿಯಲ್ಲಿದ್ದರೆ ಅದರ ಮಟ್ಟ, ಆಮೇಲೆ ಚೌಕ ಕಂಸದೊಳಗೆ ಒಂದು ಇಂಗ್ಲಿಷ್ ಅಕ್ಷರ. ಎಲ್ಲರೂ ಹಾರಿಸಿ ಮುಂದೆ ಹೋಗುವುದು ಈ ಅಕ್ಷರವನ್ನೇ. 'ಟಿ' ಇದ್ದರೆ ಕ್ರಿಯಾಪದವಾದ ಕೂಡಲೇ ನೇರವಾಗಿ ಕರ್ಮ ಬರಬೇಕು, ನಡುವೆ ಪ್ರಿಪೊಸಿಷನ್ ಇಲ್ಲ ಎಂದರ್ಥ. 'ಡಿಸ್ಕಸ್' ಇಂಥ ಕ್ರಿಯಾಪದ, ಅದಕ್ಕೆ 'ಅಬೌಟ್' ಹಾಕಬೇಡಿ ಎಂಬ ಎಚ್ಚರಿಕೆಯೂ ಇದೆ. 'ಐ' ಇದ್ದರೆ ಕರ್ಮ ಬೇಡ. 'ಸಿ' ಎಂದರೆ ಎಣಿಸಬಹುದಾದ ನಾಮಪದ, 'ಯು' ಎಂದರೆ ಎಣಿಸಲಾಗದ್ದು. 'ಅಡ್ವೈಸ್' ಎದುರಿಗೆ 'ಯು' ಇದೆ. ಕನ್ನಡದಲ್ಲಿ ಒಂದು ಸಲಹೆ, ಎರಡು ಸಲಹೆ ಎಂದು ಎಣಿಸುತ್ತೇವೆ, ಇಂಗ್ಲಿಷಿನಲ್ಲಿ ಎಣಿಸುವಂತಿಲ್ಲ. ಎಣಿಸಲೇಬೇಕಾದರೆ 'ಎ ಪೀಸ್ ಆಫ್ ಅಡ್ವೈಸ್' ಎನ್ನಬೇಕು. ಇನ್‌ಫರ್ಮೇಶನ್, ಫರ್ನಿಚರ್, ಲಗೇಜ್, ಇಕ್ವಿಪ್‌ಮೆಂಟ್ ಇವೆಲ್ಲ ಇದೇ ಗುಂಪು. ಉದ್ಯೋಗದ ಅರ್ಜಿಗಳಲ್ಲಿ ಪದೇಪದೇ ಕಾಣುವ 'ಇನ್‌ಫರ್ಮೇಶನ್ಸ್' ಎಂಬ ತಪ್ಪು ಈ ಒಂದಕ್ಷರ ನೋಡಿದ್ದರೆ ಆಗುತ್ತಲೇ ಇರಲಿಲ್ಲ.

ಆಮೇಲೆ ಲೇಬಲ್. ಫಾರ್ಮಲ್, ಇನ್‌ಫಾರ್ಮಲ್, ಓಲ್ಡ್ ಫ್ಯಾಶನ್ಡ್, ಡಿಸ್‌ಅಪ್ರೂವಿಂಗ್ ಎಂದು ವಾಲಿದ ಅಕ್ಷರದಲ್ಲಿ ಅಚ್ಚಾಗಿರುತ್ತದೆ. 'ಚೈಲ್ಡಿಶ್' ಎಂದರೆ ಮಗುವಿನಂಥ ಎಂದಷ್ಟೇ ಓದಿಕೊಂಡು ಒಬ್ಬರನ್ನು ಹೊಗಳಲು ಬಳಸಿದರೆ ಎದುರಿನವರಿಗೆ ಅವಮಾನವಾಗುತ್ತದೆ. ದೊಡ್ಡವರನ್ನು ಕುರಿತು ಹೇಳಿದಾಗ ಅದಕ್ಕೆ ಡಿಸ್‌ಅಪ್ರೂವಿಂಗ್ ಲೇಬಲ್ ಇದೆ. ಹೊಗಳುವ ಪದ ಬೇಕಾದರೆ 'ಚೈಲ್ಡ್‌ಲೈಕ್' ಇದೆ. ಪುಟ್ಟ ಇಂಗ್ಲಿಷ್–ಕನ್ನಡ ನಿಘಂಟುಗಳು ಈ ವ್ಯತ್ಯಾಸಕ್ಕೆ ಜಾಗ ಕೊಡುವುದು ಅಪರೂಪ. ನಮ್ಮಲ್ಲೇ ಹುಟ್ಟಿದ ಇಂಗ್ಲಿಷಿಗೂ ಲೇಬಲ್ ಇದೆ ಎಂಬುದು ಮೆಚ್ಚುವ ಸಂಗತಿ. 'ಪ್ರಿಪೋನ್' (ನಿಗದಿಗಿಂತ ಮುಂಚೆಯೇ ಇಟ್ಟುಕೊಳ್ಳು) ಹುಡುಕಿದರೆ ಅದು ಭಾರತೀಯ ಇಂಗ್ಲಿಷ್ ಎಂದು ತೋರಿಸುತ್ತದೆ. ಬೆಂಗಳೂರಿನ ಆಫೀಸಿಗೆ ಬರೆಯುವ ಮೇಲ್‌ನಲ್ಲಿ ಧಾರಾಳವಾಗಿ ಬಳಸಿ, ವಿದೇಶದ ಅರ್ಜಿಯಲ್ಲಿ ಬೇಡ. 'ಪಾಸ್ ಔಟ್' ಕೂಡ ಹಾಗೆಯೇ: ಕಾಲೇಜು ಮುಗಿಸಿದೆ ಎಂದು ನಾವು ಹೇಳಿದ್ದು ಹೊರದೇಶದವರಿಗೆ ಮೂರ್ಛೆ ಹೋದೆ ಎಂದು ಕೇಳಬಹುದು.

'ಯೀಲ್ಡ್' ಈ ನಿಘಂಟಿನ ವ್ಯವಸ್ಥೆಯನ್ನು ಚೆನ್ನಾಗಿ ಬಯಲು ಮಾಡುತ್ತದೆ. ಮೂಡಿಗೆರೆ, ಸಕಲೇಶಪುರದ ಕಡೆಯ ಮಕ್ಕಳಿಗೆ ಈ ಪದ ಹೊಸದಲ್ಲ, ಎಕರೆಗೆ ಇಷ್ಟು ಮೂಟೆ ಯೀಲ್ಡ್ ಎಂದು ಮನೆಯಲ್ಲೇ ಕೇಳಿರುತ್ತಾರೆ. ಅದು ನಾಮಪದ, ಇಳುವರಿ. ಕ್ರಿಯಾಪದವಾದರೆ ಫಲ ಕೊಡು, ಒತ್ತಡಕ್ಕೆ ಮಣಿ, ಹಿಡಿತ ಬಿಟ್ಟುಕೊಡು ಎಂದೆಲ್ಲ ಆಗುತ್ತದೆ. ಬ್ಯಾಂಕಿಂಗ್ ಪುಸ್ತಕದಲ್ಲಿ ಬಾಂಡ್ ಯೀಲ್ಡ್ ಎಂದರೆ ಹೂಡಿಕೆಯ ಮೇಲಿನ ಗಳಿಕೆ. ಪತ್ರಿಕೆಯಲ್ಲಿ 'ಯೀಲ್ಡೆಡ್ ಟು ಪ್ರೆಶರ್' ಎಂದು ಓದಿ ಇಳುವರಿಯ ಅರ್ಥ ಹಾಕಿದರೆ ವಾಕ್ಯ ಕೆಟ್ಟುಹೋಗುತ್ತದೆ. ಹಲವು ಅರ್ಥದ ಪದಗಳಿಗೆ ಆಕ್ಸ್‌ಫರ್ಡ್ ಪ್ರತಿ ಅರ್ಥದ ಮೊದಲು ಒಂದೆರಡು ಪದದ ದಾರಿಗುರುತು ಕೊಡುತ್ತದೆ. ಮೊದಲನೆಯ ಅರ್ಥವನ್ನೇ ಹಿಡಿದು ನಿಲ್ಲಬೇಡಿ. ದಾರಿಗುರುತುಗಳನ್ನಷ್ಟೇ ಮೇಲಿನಿಂದ ಕೆಳಗೆ ಓದಿ, ನಿಮ್ಮ ವಾಕ್ಯಕ್ಕೆ ಹತ್ತಿರದ್ದರ ಬಳಿ ನಿಂತು, ಆಮೇಲೆ ಅರ್ಥ ಮತ್ತು ಉದಾಹರಣೆ ಓದಿ.

ಇನ್ನು ಮಟ್ಟದ ಗುರುತು. ಹತ್ತನೆಯ ಆವೃತ್ತಿಯಲ್ಲಿ ಮುಖ್ಯ ಪದಗಳಿಗೆ ಎ1ರಿಂದ ಸಿ1ರವರೆಗೆ ಯುರೋಪಿನ ಭಾಷಾ ಮಾನದಂಡದ ಮಟ್ಟ ಕೊಟ್ಟಿದ್ದಾರೆ. ಆಕ್ಸ್‌ಫರ್ಡ್ 3000 ಎಂಬ ಪಟ್ಟಿಯಲ್ಲಿ ಎ1ರಿಂದ ಬಿ2ರವರೆಗಿನ ಪದಗಳಿವೆ, ಆಕ್ಸ್‌ಫರ್ಡ್ 5000 ಅದಕ್ಕೆ ಬಿ2 ಮತ್ತು ಸಿ1ರ ಇನ್ನೆರಡು ಸಾವಿರ ಸೇರಿಸುತ್ತದೆ. ಎರಡೂ ಪಟ್ಟಿ ವೆಬ್‌ಸೈಟಿನಲ್ಲಿ ಉಚಿತ. ಇದರಿಂದ ಸಿಗುವ ಲಾಭ ದೊಡ್ಡದು. ಹುಡುಕಿದ ಪದಕ್ಕೆ ಮಟ್ಟದ ಗುರುತು ಇದ್ದರೆ ಅದನ್ನು ಬರೆಯಲು, ಮಾತಾಡಲು ಬರುವ ಹಾಗೆ ಕಲಿಯಿರಿ. ಗುರುತು ಇಲ್ಲದಿದ್ದರೆ ಅರ್ಥ ನೋಡಿ ಮುಂದೆ ಹೋಗಿ. ಸ್ಪರ್ಧಾತ್ಮಕ ಪರೀಕ್ಷೆಯ ಹೆಸರಿನಲ್ಲಿ ಅಪರೂಪದ ಪದಗಳ ಪಟ್ಟಿ ಬಾಯಿಪಾಠ ಮಾಡುವವರು ಬಿ1, ಬಿ2 ಮಟ್ಟದ ಪದಗಳಲ್ಲೇ ತಪ್ಪುತ್ತಾರೆ. ಇಂಗ್ಲಿಷಿನ ಅತಿ ಬಳಕೆಯ ಎರಡು ಸಾವಿರ ಪದಕುಟುಂಬಗಳೇ (ಒಂದು ಮೂಲಪದ, ಅದರ ರೂಪಗಳು ಸೇರಿ ಒಂದು ಕುಟುಂಬ) ಸಾಮಾನ್ಯ ಬರಹದ ಸುಮಾರು ಶೇ. 80ರಷ್ಟನ್ನು ತುಂಬುತ್ತವೆ. ಪದಕಲಿಕೆಯ ಸಂಶೋಧಕ ಪಾಲ್ ನೇಷನ್ 2006ರಲ್ಲಿ ತೋರಿಸಿದಂತೆ, ಪತ್ರಿಕೆ, ಕಾದಂಬರಿಗಳನ್ನು ಯಾರ ಸಹಾಯವೂ ಇಲ್ಲದೆ ಓದಲು ಎಂಟರಿಂದ ಒಂಬತ್ತು ಸಾವಿರ ಪದಕುಟುಂಬಗಳು ಬೇಕು. ಅಷ್ಟಕ್ಕೆ ಏರಬೇಕಾದರೂ ಮೊದಲ ಮೂರು ಸಾವಿರ ಗಟ್ಟಿಯಾಗಿರಬೇಕು.

ಕೊರತೆಗಳೂ ಇವೆ. ಅಚ್ಚಿನ ಪುಸ್ತಕದ ಅಕ್ಷರ ಸಣ್ಣದು, ಕಾಗದ ತೆಳು, ಬ್ಯಾಗಿನಲ್ಲಿ ದಿನವೂ ಹೊತ್ತು ಬೇಲೂರಿನಿಂದ ಹಾಸನಕ್ಕೆ ಓಡಾಡುವ ವಸ್ತುವಲ್ಲ. ಅದಕ್ಕಿಂತ ಮುಖ್ಯವಾಗಿ, ಇಂಗ್ಲಿಷಿನ ಮೊದಲ ಸಾವಿರದೈನೂರು ಪದಗಳೂ ಸರಿಯಾಗಿ ಬಾರದವರಿಗೆ ಇದರ ಅರ್ಥವಿವರಣೆಯೇ ಕಬ್ಬಿಣದ ಕಡಲೆ. ಅಂಥವರು ಅಡ್ವಾನ್ಸ್‌ಡ್ ಬದಲು ಅದರ ಕೆಳಗಿನ, ಇಂಟರ್‌ಮೀಡಿಯೇಟ್ ಮಟ್ಟದ ಲರ್ನರ್ಸ್ ಡಿಕ್ಷನರಿ ಕೇಳಿ ಪಡೆಯಬೇಕು. ಪರೀಕ್ಷೆ ಮಾಡುವುದು ಹೀಗೆ: ಯಾವುದಾದರೂ ಪುಟ ತೆರೆದು ಐದು ಅರ್ಥವಿವರಣೆ ಓದಿ. ಒಂದೊಂದರಲ್ಲೂ ಒಂದಕ್ಕಿಂತ ಹೆಚ್ಚು ಪದ ಗೊತ್ತಾಗದಿದ್ದರೆ ಆ ಪುಸ್ತಕ ಇನ್ನೂ ನಿಮಗಲ್ಲ.

ಇದೇ ನಿಘಂಟಿನ ವೆಬ್‌ಸೈಟ್ ಉಚಿತ, ನಡುನಡುವೆ ಜಾಹೀರಾತು ಬರುತ್ತದೆ. ನೀಲಿ ಸ್ಪೀಕರ್ ಒತ್ತಿದರೆ ಬ್ರಿಟಿಷ್ ಉಚ್ಚಾರಣೆ, ಕೆಂಪು ಒತ್ತಿದರೆ ಅಮೆರಿಕನ್. ಎರಡನ್ನೂ ಬೆರೆಸಿ ಕಲಿಯಬೇಡಿ, ಒಂದನ್ನು ಹಿಡಿಯಿರಿ. ಇಲ್ಲಿ ಗಮನಿಸಬೇಕಾದದ್ದು, ಹೆಚ್ಚುವರಿ ಉದಾಹರಣೆಗಳು ಮತ್ತು ಕೊಲೊಕೇಶನ್ ಪಟ್ಟಿ ಮಡಚಿಟ್ಟ ಪೆಟ್ಟಿಗೆಗಳೊಳಗೆ ಇರುತ್ತವೆ. ಒತ್ತದೆ ಕಾಣುವುದಿಲ್ಲ. ಕೊಲೊಕೇಶನ್ ಎಂದರೆ ಯಾವ ಪದದ ಜೊತೆ ಯಾವುದು ಸಹಜವಾಗಿ ಕೂರುತ್ತದೆ ಎಂಬ ಲೆಕ್ಕ. ಮಳೆ ಜೋರು ಎಂದು 'ಸ್ಟ್ರಾಂಗ್ ರೇನ್' ಅನ್ನುವುದಿಲ್ಲ, 'ಹೆವಿ ರೇನ್' ಅನ್ನುತ್ತಾರೆ. ಕಾಫಿ ಮಾತ್ರ 'ಸ್ಟ್ರಾಂಗ್' ಆಗಿರುತ್ತದೆ. ಇದಕ್ಕೆ ಕಾರಣ ಕೇಳಿ ಫಲವಿಲ್ಲ, ಜೋಡಿಯಾಗಿಯೇ ಕಲಿಯಬೇಕು.

ಲಾಂಗ್‌ಮನ್ ಡಿಕ್ಷನರಿ ಆಫ್ ಕಂಟೆಂಪೊರರಿ ಇಂಗ್ಲಿಷ್ 1978ರಿಂದಲೂ ಸುಮಾರು ಎರಡು ಸಾವಿರ ಪದಗಳ ಒಳಗೇ ಎಲ್ಲ ಅರ್ಥಗಳನ್ನೂ ವಿವರಿಸುವ ಶಿಸ್ತು ಇಟ್ಟುಕೊಂಡಿದೆ. ಅರ್ಥ ಓದಿ ತಿಳಿಯುವುದು ಆಕ್ಸ್‌ಫರ್ಡಿಗಿಂತ ಒಂದು ಹೆಜ್ಜೆ ಸುಲಭ. ಮಾತಿನಲ್ಲಿ ಎಷ್ಟು ಬಳಕೆ, ಬರಹದಲ್ಲಿ ಎಷ್ಟು ಬಳಕೆ ಎಂದು ಬೇರೆಬೇರೆ ಗುರುತು ಕೊಡುವುದು ಇದರ ವಿಶೇಷ. ಸಂದರ್ಶನಕ್ಕೆ ತಯಾರಾಗುವವರಿಗೆ ಇದು ಬಹಳ ಉಪಯೋಗ. ವೆಬ್‌ಸೈಟಿನಲ್ಲಿ ಉದಾಹರಣೆ ವಾಕ್ಯಗಳನ್ನೇ ಓದಿ ಕೇಳಿಸುವ ಸೌಲಭ್ಯವಿದೆ. ಬರೀ ಪದವನ್ನು ಕೇಳುವುದಕ್ಕಿಂತ ವಾಕ್ಯದೊಳಗೆ ಕೇಳಿದರೆ ಒತ್ತು ಎಲ್ಲಿ ಬೀಳುತ್ತದೆ, ಯಾವ ಪದ ನುಂಗಿಹೋಗುತ್ತದೆ ಎಂಬುದು ಕಿವಿಗೆ ಹತ್ತುತ್ತದೆ. ಕಿವಿಯಿಂದ ಕಲಿಯುವವರಿಗೆ ಮೊದಲ ಆಯ್ಕೆ ಇದೇ.

ಕಾಲಿನ್ಸ್ ಕೋಬಿಲ್ಡ್ ಬೇರೆ ದಾರಿ ಹಿಡಿದಿದೆ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ಸಿಂಕ್ಲೇರ್ ಅವರ ನೇತೃತ್ವದಲ್ಲಿ ತಯಾರಾಗಿ 1987ರಲ್ಲಿ ಬಂದ ಈ ನಿಘಂಟು ಅರ್ಥವನ್ನು ಪೂರ್ತಿ ವಾಕ್ಯದಲ್ಲೇ ಹೇಳುತ್ತದೆ. ರಿಲಕ್ಟೆಂಟ್ ಎಂದರೆ ಇಂಥದ್ದು ಎಂದು ಸಮಾನಪದ ಕೊಡುವ ಬದಲು, ನೀವು ಒಂದು ಕೆಲಸ ಮಾಡಲು ರಿಲಕ್ಟೆಂಟ್ ಆಗಿದ್ದರೆ ಮಾಡಲು ಮನಸ್ಸಿಲ್ಲದೆ ಹಿಂದೆಮುಂದೆ ನೋಡುತ್ತೀರಿ ಎಂಬ ರೀತಿಯಲ್ಲಿ ಬಿಡಿಸುತ್ತದೆ. ಪದವಾದ ಮೇಲೆ 'ಟು' ಮತ್ತು ಕ್ರಿಯಾಪದ ಬರುತ್ತದೆ ಎಂಬುದು ಅರ್ಥದಲ್ಲೇ ಕಂಡುಬಿಡುತ್ತದೆ. 'ಟಿ', 'ಯು' ಗುರುತುಗಳ ಗೊಡವೆ ಬೇಡ ಎನ್ನುವವರಿಗೆ ಇದು ಹಿತ. ಉದ್ದ ಜಾಸ್ತಿ, ಪರೀಕ್ಷೆಯ ಹಿಂದಿನ ದಿನ ಅವಸರದಲ್ಲಿ ತಿರುವಲು ಆಗುವುದಿಲ್ಲ.

ಕೇಂಬ್ರಿಡ್ಜ್ ವೆಬ್‌ಸೈಟ್ ಮೊಬೈಲಿನಲ್ಲಿ ಓದಲು ಅಚ್ಚುಕಟ್ಟು, ಮಟ್ಟದ ಗುರುತೂ ಇದೆ, ಲಾಗಿನ್ ಆದರೆ ನಿಮ್ಮದೇ ಪದಪಟ್ಟಿ ಮಾಡಿಟ್ಟುಕೊಳ್ಳಬಹುದು. ಒಂದು ಎಚ್ಚರಿಕೆ: ಪುಟದ ಕೆಳಭಾಗದಲ್ಲಿ ಬರುವ ಉದಾಹರಣೆಗಳು ಬರಹಸಂಗ್ರಹಗಳಿಂದ, ಜಾಲತಾಣಗಳಿಂದ ತೆಗೆದವು ಎಂದು ಅಲ್ಲೇ ಬರೆದಿರುತ್ತದೆ. ಮೆರಿಯಮ್–ವೆಬ್‌ಸ್ಟರ್‌ನಲ್ಲೂ ಇಂಥ ಯಂತ್ರಸಂಗ್ರಹದ ಭಾಗ ಇದೆ. ಈ ವಾಕ್ಯಗಳು ತಪ್ಪಲ್ಲ, ಆದರೆ ಉದ್ದ, ಸಂದರ್ಭ ಕಡಿದುಹೋಗಿರುತ್ತದೆ, ಕಲಿಯುವವರಿಗೆಂದು ಆರಿಸಿದವಲ್ಲ. ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವುದಾದರೆ ಅರ್ಥದ ನೇರ ಕೆಳಗಿರುವ, ಸಂಪಾದಕರು ಆರಿಸಿದ ವಾಕ್ಯಗಳನ್ನೇ ತೆಗೆದುಕೊಳ್ಳಿ.

ಗೂಗಲ್‌ನಲ್ಲಿ ಪದ ಹಾಕಿ 'ಮೀನಿಂಗ್' ಎಂದು ಬರೆದಾಗ ಮೇಲೆ ಬರುವ ಪೆಟ್ಟಿಗೆಯನ್ನೇ ಬಹಳ ಜನ ಆಕ್ಸ್‌ಫರ್ಡ್ ಲರ್ನರ್ಸ್ ಎಂದುಕೊಂಡಿದ್ದಾರೆ. ಅಲ್ಲ. ಅದರ ಮಾಹಿತಿ ಆಕ್ಸ್‌ಫರ್ಡ್ ಲ್ಯಾಂಗ್ವೇಜಸ್ ಕೊಡುವಂಥದು, ಇಂಗ್ಲಿಷ್ ತಾಯ್ನುಡಿಯವರಿಗೆ ಬರೆದ ನಿಘಂಟಿನದು. ಸುಲಭ ಪದದ ಅರ್ಥದಲ್ಲಿ ಅದಕ್ಕಿಂತ ಕಷ್ಟದ ಪದಗಳು ಬರುವುದು ಇದರಿಂದಲೇ. ಎಣಿಕೆಯ ಗುರುತಿಗೂ ಪ್ರಿಪೊಸಿಷನ್ ಚೌಕಟ್ಟಿಗೂ ಅಲ್ಲಿ ಲರ್ನರ್ಸ್ ಡಿಕ್ಷನರಿಯಲ್ಲಿರುವ ಮಹತ್ವ ಇಲ್ಲ.

ಹಾಗಾದರೆ ಇಂಗ್ಲಿಷ್–ಕನ್ನಡ ನಿಘಂಟು ಬೇಡವೇ? ಖಂಡಿತ ಬೇಕು, ಅದರ ಜಾಗ ಬೇರೆ. ಗಿಡ, ಹಕ್ಕಿ, ಸಾಂಬಾರ ಪದಾರ್ಥ, ರೋಗ, ಸಲಕರಣೆ ಇಂಥ ಕಣ್ಣಿಗೆ ಕಾಣುವ ವಸ್ತುಗಳಿಗೆ ಕನ್ನಡದ ಒಂದು ಪದವೇ ವಾಸಿ. 'ಕಾರ್ಡಮಮ್' ಎಂದರೆ ಏಲಕ್ಕಿ ಎಂದರೆ ಮುಗಿಯಿತು. ಅದನ್ನು ಇಂಗ್ಲಿಷಿನಲ್ಲಿ, ಶುಂಠಿಯ ಜಾತಿಯ ಗಿಡದ ಒಣಬೀಜ ಎಂದು ಓದುತ್ತಾ ಕೂರುವುದು ಕಾಲಹರಣ. ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್–ಕನ್ನಡ ನಿಘಂಟು ಮೊದಲು 1946ರಲ್ಲಿ ಬಂತು. ಗಂಭೀರ ಓದಿಗೆ, ಅನುವಾದಕ್ಕೆ ಆ ಪರಂಪರೆಯ ನಿಘಂಟುಗಳು ಇಂದಿಗೂ ಆಧಾರ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ನಡೆಸುವ ಭಾರತವಾಣಿಯಲ್ಲಿ ಹಲವು ನಿಘಂಟುಗಳು ಉಚಿತವಾಗಿ ಸಿಗುತ್ತವೆ. ಕನ್ನಡ ಪದ ಗೊತ್ತಿದ್ದು ಇಂಗ್ಲಿಷ್ ಬೇಕಾದಾಗ ವಿ. ಕೃಷ್ಣ ಅವರು ದಶಕಗಳ ಕಾಲ ಕೂತು ಕಟ್ಟಿದ 'ಅಲರ್' ಇದೆ. 2019ರಿಂದ ಜಾಲದಲ್ಲಿ ಉಚಿತ, ಒಂದೂವರೆ ಲಕ್ಷದಷ್ಟು ಕನ್ನಡ ಪದಗಳಿವೆ. ಆದರೆ ಅಲ್ಲಿಗೇ ನಿಲ್ಲಬಾರದು. ಅಲರ್ ಕೊಟ್ಟ ಇಂಗ್ಲಿಷ್ ಪದವನ್ನು ಲರ್ನರ್ಸ್ ಡಿಕ್ಷನರಿಯಲ್ಲಿ ಹಾಕಿ, ಲೇಬಲ್ ಮತ್ತು ಉದಾಹರಣೆ ನೋಡಿ, ಆಮೇಲೆ ಬಳಸಬೇಕು. ಕನ್ನಡದ 'ಕೇಳು' ಇಂಗ್ಲಿಷಿನಲ್ಲಿ ಹಿಯರ್, ಲಿಸನ್, ಆಸ್ಕ್ ಎಂದು ಮೂರಾಗಿ ಒಡೆಯುತ್ತದೆ. ಯಾವುದು ಎಲ್ಲಿಗೆ ಎಂದು ತೀರ್ಮಾನಿಸುವುದು ಉದಾಹರಣೆ ವಾಕ್ಯ ನೋಡಿಯೇ.

ಕನ್ನಡ ಲಿಪಿಯ ಕೈಪಿಡಿಗಳ ಬಗ್ಗೆ ಎರಡು ಮಾತು ಸಾಕು. ಧೈರ್ಯ ಬರಲು ಅವು ನೆರವಾಗುತ್ತವೆ, ಉಚ್ಚಾರಣೆಗೆ ಆಗುವುದಿಲ್ಲ. 'ವೆಸ್ಟ್' ಎಂದು ಬರೆದರೆ ದಿಕ್ಕೋ ಬನಿಯನ್ನೋ ತಿಳಿಯದು, ಇಂಗ್ಲಿಷಿನ ಎರಡು ಧ್ವನಿಗೆ ನಮ್ಮಲ್ಲಿರುವುದು ಒಂದೇ 'ವ'. ಒತ್ತು ಎಲ್ಲಿ ಬೀಳಬೇಕೆಂಬುದನ್ನೂ ನಮ್ಮ ಲಿಪಿ ತೋರಿಸುವುದಿಲ್ಲ. 'ರೆಕಾರ್ಡ್' ನಾಮಪದವಾದಾಗ ಒತ್ತು ಮೊದಲ ಭಾಗಕ್ಕೆ, ಕ್ರಿಯಾಪದವಾದಾಗ ಎರಡನೆಯದಕ್ಕೆ.

ನಿಘಂಟು ಎಷ್ಟೇ ಒಳ್ಳೆಯದಿರಲಿ, ನೋಡಿದ ಪದ ವಾರದೊಳಗೆ ಮರೆತುಹೋಗುತ್ತದೆ. ಅದನ್ನು ತಡೆಯಲು ಇರುವ ಸಾಧನಗಳಲ್ಲಿ ಆ್ಯಂಕಿ ಎಂಬ ಆ್ಯಪ್ ಅತ್ಯುತ್ತಮ. ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಉತ್ತರ ಇರುವ ಕಾರ್ಡನ್ನು ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ಮುಂದಿಡುವುದು ಇದರ ಕೆಲಸ. ಆ್ಯಂಡ್ರಾಯ್ಡ್ ಫೋನಿಗೆ 'ಆ್ಯಂಕಿಡ್ರಾಯ್ಡ್' ಉಚಿತ, ಐಫೋನಿನದಕ್ಕೆ ಹಣ ಕೊಡಬೇಕು. ಪ್ಲೇ ಸ್ಟೋರಿನಲ್ಲಿ ಹೆಸರು ಹೋಲುವ ಬೇರೆ ಆ್ಯಪ್‌ಗಳೂ ಇರುವುದರಿಂದ ಹೆಸರು ಪೂರ್ತಿ ಓದಿ ಇಳಿಸಿಕೊಳ್ಳಿ.

ಕಾರ್ಡ್ ಮಾಡುವ ರೀತಿಯಲ್ಲೇ ಗೆಲುವು ಸೋಲು ನಿಂತಿದೆ. ಒಂದು ಕಡೆ ಪದ, ಇನ್ನೊಂದು ಕಡೆ ಕನ್ನಡ ಅರ್ಥ ಎಂಬ ಕಾರ್ಡ್ ಮಾಡಿದರೆ ಮೊದಲು ಹೇಳಿದ ರೋಗವೇ ಮರುಕಳಿಸುತ್ತದೆ: ಅರ್ಥ ಗೊತ್ತು, ವಾಕ್ಯ ಬರದು. ಬದಲಿಗೆ 'ಕ್ಲೋಜ್' ಎಂಬ ಮಾದರಿ ಆರಿಸಿ. 'ಟೆಕ್ಸ್ಟ್' ಎಂಬ ಜಾಗದಲ್ಲಿ ನಿಘಂಟಿನ ಉದಾಹರಣೆ ವಾಕ್ಯವನ್ನು ಇಡಿಯಾಗಿ ಹಾಕಿ, ಕಲಿಯಬೇಕಾದ ಪದವನ್ನು ಆಯ್ಕೆ ಮಾಡಿ ಕ್ಲೋಜ್ ಗುಂಡಿ ಒತ್ತಿದರೆ ಅಷ್ಟು ಜಾಗ ಖಾಲಿಯಾಗುತ್ತದೆ. 'ಬ್ಯಾಕ್ ಎಕ್ಸ್‌ಟ್ರಾ' ಎಂಬಲ್ಲಿ ಚಿಕ್ಕ ಅರ್ಥ, ಕನ್ನಡದ ಒಂದು ಪದ, ಚೌಕಟ್ಟು ಇಷ್ಟನ್ನು ಬರೆಯಿರಿ. ಚೌಕಟ್ಟು ಎಂದರೆ 'ರಿಲಕ್ಟೆಂಟ್ ಟು ಡೂ ಸಮ್‌ಥಿಂಗ್' ಎಂಬಂಥದು. ಖಾಲಿ ಜಾಗಕ್ಕೆ ಎರಡು ಮೂರು ಪದ ಹೊಂದುವಂತಿದ್ದರೆ ಪದ ಮುಗಿದ ಕೂಡಲೇ ಎರಡು ಕೋಲನ್ (::) ಹಾಕಿ ಮೊದಲ ಅಕ್ಷರವನ್ನು ಸುಳಿವಾಗಿ ಕೊಡಿ. ಸುಳಿವಿಲ್ಲದೆ ಬಿಟ್ಟರೆ 'ಅನ್‌ವಿಲಿಂಗ್' ಎಂದು ಉತ್ತರಿಸಿ, ಸರಿಯೋ ತಪ್ಪೋ ಗೊತ್ತಾಗದೆ ಪರದಾಡುವಂತಾಗುತ್ತದೆ.

ವಾಕ್ಯ ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಪದ ಮುಚ್ಚಿದರೂ ಉಳಿದ ವಾಕ್ಯ ಅದರ ಕಡೆಗೆ ಕೈ ತೋರುತ್ತದೆಯೇ? ಅವನು ರಿಲಕ್ಟೆಂಟ್ ಮನುಷ್ಯ ಎಂಬ ವಾಕ್ಯದಲ್ಲಿ ಒಳ್ಳೆಯ, ಕೆಟ್ಟ, ಕುಳ್ಳ ಯಾವುದನ್ನಾದರೂ ತುಂಬಬಹುದು, ಅದರಿಂದ ಕಲಿಕೆ ಆಗುವುದಿಲ್ಲ. ಬೆಲೆ ಇನ್ನೂ ಏರಬಹುದೆಂದು ಬೆಳೆಗಾರರು ಈಗಲೇ ಕಾಫಿ ಮಾರಲು ರಿಲಕ್ಟೆಂಟ್ ಆಗಿದ್ದರು ಎಂಬುದರಲ್ಲಿ ಕಾರಣವೂ ಇದೆ, ಚೌಕಟ್ಟೂ ಇದೆ. ನಿಘಂಟಿನ ವಾಕ್ಯದ ಜೊತೆಗೆ ಇಂಥ ನಿಮ್ಮದೇ ಒಂದು ವಾಕ್ಯ ಸೇರಿಸಿ. ಚೌಕಟ್ಟನ್ನು ಹಾಗೆಯೇ ಇಟ್ಟು ಜನ, ಊರು, ಕೆಲಸ ಮಾತ್ರ ಬದಲಾಯಿಸಿ: ತೋಟದ ಕೆಲಸ, ಆಲೂಗಡ್ಡೆ ಬಿತ್ತನೆ, ಹೇಮಾವತಿ ಅಣೆಕಟ್ಟೆಯ ನೀರು, ಹಳೇಬೀಡಿಗೆ ಬರುವ ಪ್ರವಾಸಿಗರು, ಯಾವುದಾದರೂ ಆಗಲಿ. ಚೌಕಟ್ಟಿಗೇ ಕೈ ಹಾಕಿದರೆ ತಪ್ಪು ವಾಕ್ಯವನ್ನು ನೂರು ಸಲ ಓದಿ ಗಟ್ಟಿಮಾಡಿಕೊಂಡಂತಾಗುತ್ತದೆ.

ದಿನಕ್ಕೆ ಎಷ್ಟು? ಆ್ಯಂಕಿ ತಾನಾಗಿ ದಿನಕ್ಕೆ 20 ಹೊಸ ಕಾರ್ಡ್ ಕೊಡುವಂತೆ ಇರುತ್ತದೆ. ಅದನ್ನು ಮೊದಲ ದಿನವೇ 7ಕ್ಕೆ ಇಳಿಸಿ. ದಿನದ ಮರುಓದು ಹೊಸ ಕಾರ್ಡಿನ ಹತ್ತು ಪಟ್ಟಿನ ಹತ್ತಿರ ಹೋಗಬಹುದು ಎಂದು ಲೆಕ್ಕ ಇಟ್ಟುಕೊಳ್ಳಬೇಕು. 20 ಇಟ್ಟರೆ ಕೆಲವು ವಾರಗಳಲ್ಲಿ ದಿನಕ್ಕೆ ಇನ್ನೂರರ ಸುತ್ತ ಕಾರ್ಡ್ ಎದುರು ಕೂರುತ್ತವೆ. ಜನ ಆ್ಯಪ್ ಬಿಡುವುದು ಆಗಲೇ. 7 ಇಟ್ಟರೆ ಹಾಸನ–ಬೇಲೂರು ಬಸ್ಸಿನ ಅರ್ಧ ದಾರಿಯಲ್ಲಿ ಮುಗಿಯುತ್ತದೆ, ವರ್ಷಕ್ಕೆ ಎರಡೂವರೆ ಸಾವಿರ ಕಾರ್ಡ್ ಆಗುತ್ತದೆ. ಇನ್ನೊಂದು ಸಾಮಾನ್ಯ ತಪ್ಪು ಗುಂಡಿಯದು. ಉತ್ತರ ಮರೆತಿದ್ದರೆ 'ಅಗೇನ್' ಒತ್ತಬೇಕು. 'ಹಾರ್ಡ್' ಎಂದರೆ ಕಷ್ಟಪಟ್ಟು ನೆನಪಾಯಿತು ಎಂದರ್ಥ. ಮರೆತದ್ದಕ್ಕೆಲ್ಲ ಹಾರ್ಡ್ ಒತ್ತಿದರೆ ಆ್ಯಪ್ ನಿಮಗೆ ಗೊತ್ತಿದೆ ಎಂದೇ ತಿಳಿದು ಅಂತರ ಹಿಗ್ಗಿಸುತ್ತದೆ. ಮತ್ತೆ ಮತ್ತೆ, ಎಂಟು ಸಲ ಮರೆತ ಕಾರ್ಡಿಗೆ ಆ್ಯಂಕಿ ತಾನೇ ಗುರುತು ಹಾಕುತ್ತದೆ. ಅಂಥದ್ದರಲ್ಲಿ ಅದೇ ವಾಕ್ಯವನ್ನು ಉರು ಹೊಡೆಯುವುದರಿಂದ ಪ್ರಯೋಜನವಿಲ್ಲ. ವಾಕ್ಯವನ್ನೇ ಬದಲಾಯಿಸಿ.

'ಅಡಾಪ್ಟ್' ಎಂದು ನಾವು ಒಂದೇ ರೀತಿ ಬರೆಯುವ, ಇಂಗ್ಲಿಷಿನಲ್ಲಿ ಒಂದಕ್ಷರ ಬೇರೆಯಾಗಿ ದತ್ತು ತೆಗೆದುಕೊಳ್ಳು ಮತ್ತು ಹೊಂದಿಕೊಳ್ಳು ಎಂದಾಗುವ ಜೋಡಿಗಳನ್ನು ಒಂದೇ ದಿನ ಕಲಿಯಬೇಡಿ. ಸಮಾನಾರ್ಥಕ ಮತ್ತು ವಿರುದ್ಧಾರ್ಥಕ ಪಟ್ಟಿಗಳನ್ನೂ ಹೊಸದಾಗಿ ಒಟ್ಟಿಗೆ ತೆಗೆದುಕೊಳ್ಳಬೇಡಿ. ಒಂದಕ್ಕೊಂದು ಬೆರೆತು ಎರಡೂ ಕೈ ತಪ್ಪುತ್ತವೆ. ಒಂದು ಗಟ್ಟಿಯಾದ ಮೇಲೆ, ಎರಡು ವಾರ ಬಿಟ್ಟು, ಇನ್ನೊಂದನ್ನು ತನ್ನಿ. ಯಾರೋ ಮಾಡಿಟ್ಟ ಸಿದ್ಧ ಡೆಕ್‌ಗಳಲ್ಲಿ (ಕಾರ್ಡಿನ ಕಟ್ಟುಗಳಲ್ಲಿ) ತೊಂದರೆ ಇದೇ: ಅವುಗಳಲ್ಲಿ ಹೆಚ್ಚಿನವು ಪದ–ಅರ್ಥದ ಜೋಡಿ ಮಾತ್ರ, ಅದೂ ಅಮೆರಿಕದ ಪ್ರವೇಶ ಪರೀಕ್ಷೆಗಳ ಪಟ್ಟಿಯಿಂದ ಎತ್ತಿದ್ದು.

ಹಾಸ್ಟೆಲಿನಲ್ಲಿ ಫೋನ್ ಬಿಡದ ಪಿಯು ವಿದ್ಯಾರ್ಥಿಗಳಿಗೆ ಲಾಂಗ್ ನೋಟ್‌ಬುಕ್ ಸಾಕು. ಎಡ ಪುಟದಲ್ಲಿ ಪದದ ಜಾಗ ಖಾಲಿ ಬಿಟ್ಟ ವಾಕ್ಯ, ಬಲ ಪುಟದಲ್ಲಿ ಅದೇ ಸಾಲಿಗೆ ಪದ, ಚೌಕಟ್ಟು, ಕನ್ನಡ ಅರ್ಥ. ಅಂಚಿನಲ್ಲಿ ಮರುದಿನ, ಮೂರನೆಯ ದಿನ, ಏಳನೆಯ ದಿನ, ಇಪ್ಪತ್ತೊಂದನೆಯ ದಿನದ ತಾರೀಕು ಮೊದಲೇ ಬರೆದಿಡಿ. ಬಲ ಪುಟ ಮುಚ್ಚಿ ಉತ್ತರಿಸಿ, ಸರಿಯಾದರೆ ತಾರೀಕು ಹೊಡೆಯಿರಿ, ತಪ್ಪಿದರೆ ಆ ಸಾಲನ್ನು ಹೊಸ ಪುಟಕ್ಕೆ ಇಳಿಸಿ.

ಮಲೆನಾಡಿನವರು ಕೊಳ್ಳುವ ಮುನ್ನ ಇನ್ನೊಂದು ಯೋಚನೆ ಮಾಡಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಕರೆಂಟು, ನೆಟ್‌ವರ್ಕ್ ಎರಡನ್ನೂ ನೆಚ್ಚಿಕೊಳ್ಳುವಂತಿಲ್ಲ. ವೆಬ್‌ಸೈಟ್ ನಿಘಂಟುಗಳು ಆಗ ಕೈಕೊಡುತ್ತವೆ. ಆ್ಯಂಕಿ ಮಾತ್ರ ಆಫ್‌ಲೈನ್ ನಡೆಯುತ್ತದೆ, ಕಾರ್ಡ್ ಮೊದಲೇ ಮಾಡಿಟ್ಟಿರಬೇಕಷ್ಟೆ. ಆದ್ದರಿಂದ ತೋಟದ ಮನೆಗಳಲ್ಲಿ ಅಚ್ಚಿನ ಪುಸ್ತಕ ಇಂದಿಗೂ ಅಗತ್ಯ. ಅದರ ಶತ್ರು ತೇವ. ನಿಘಂಟಿನ ತೆಳು ಕಾಗದ ಬೇಗ ಬೂಷ್ಟು ಹಿಡಿಯುತ್ತದೆ, ಪುಟಗಳು ಅಂಟಿಕೊಳ್ಳುತ್ತವೆ. ಗೋಡೆಗೆ ತಾಗಿದ ಕಪಾಟಿನಲ್ಲಿ ಇಡದೆ, ಜಿಪ್ ಕವರಿನೊಳಗೆ ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ ಹಾಕಿ ಇಡಿ, ಬಿಸಿಲು ಬಂದ ದಿನ ನೆರಳಿನಲ್ಲಿ ಪುಟ ಬಿಚ್ಚಿ ಗಾಳಿಗೆ ಹಿಡಿಯಿರಿ.

ಕೊಳ್ಳುವಾಗ ಬೆಲೆ ತೀರಾ ಕಡಿಮೆ ಹೇಳಿದರೆ ಅದು ಕದ್ದು ಅಚ್ಚು ಹಾಕಿದ್ದಿರಬಹುದು. ಉಚ್ಚಾರಣೆಯ ಚಿಹ್ನೆಗಳಿರುವ ಜಾಗ ನೋಡಿ. ನಕಲಿನಲ್ಲಿ ಒತ್ತಿನ ಗೆರೆ, ಉದ್ದ ಸ್ವರದ ಎರಡು ಚುಕ್ಕಿ ಕದಡಿ ಮಸಿಯಾಗಿರುತ್ತವೆ. ಬೆನ್ನ ಹತ್ತಿರದ ಸಾಲುಗಳು ಒಳಗೆ ಮಡಚಿಹೋಗಿರುತ್ತವೆ, ಮಧ್ಯದಲ್ಲಿ ಕೆಲವು ಪುಟಗಳೇ ಇರುವುದಿಲ್ಲ, ನಿಘಂಟಿನ ಆ್ಯಪ್ ತೆರೆಯುವ ಸಂಕೇತಸಂಖ್ಯೆಯೂ ಇರುವುದಿಲ್ಲ. ಅದಕ್ಕಿಂತ ಒಳ್ಳೆಯ ದಾರಿ, ಹಳೆಯ ಆವೃತ್ತಿಯನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವುದು. ಆಕ್ಸ್‌ಫರ್ಡಿನ ಎಂಟನೆಯದು 2010ರದು, ಒಂಬತ್ತನೆಯದು 2015ರದು. ಎರಡರಲ್ಲೂ ಎಣಿಕೆಯ ಗುರುತು, ಲೇಬಲ್, ಉದಾಹರಣೆ ಎಲ್ಲ ಇವೆ. ಎ1, ಬಿ2 ಎಂಬ ಮಟ್ಟ ಮಾತ್ರ ಇಲ್ಲ, ಮುಖ್ಯ ಪದಗಳಿಗೆ ಬೀಗದ ಕೈ ಚಿಹ್ನೆ ಇರುತ್ತದೆ. ಮಟ್ಟ ಬೇಕಾದಾಗ ವೆಬ್‌ಸೈಟಿನ ಪಟ್ಟಿ ನೋಡಿಕೊಳ್ಳಬಹುದು. ತೆಗೆದುಕೊಳ್ಳುವ ಮೊದಲು ಎಸ್ ಅಕ್ಷರದ ಭಾಗವನ್ನು ಪುಟಸಂಖ್ಯೆ ಹಿಡಿದು ತಿರುವಿ ನೋಡಿ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಪದಗಳಿರುವ ಅಕ್ಷರ ಅದು, ಹಳೆಯ ಪ್ರತಿಗಳಲ್ಲಿ ಅಲ್ಲಿಯ ಹಾಳೆಗಳು ಸಡಿಲವಾಗಿ ಕಳೆದುಹೋಗಿರುವ ಸಾಧ್ಯತೆ ಜಾಸ್ತಿ.